ಸೀತ್‌ವೇಟ್: ಇಂಗ್ಲೆಂಡಿನ ಅತಿ ಹೆಚ್ಚು ಮಳೆಯ ಮಜರೆ – ಭೂಗೋಳ, ಗಣಿ, ಒಡೆತನದ ಬಗ್ಗೆ ಚರ್ಚೆ

ನಕಾಶೆಮನೆ

ಕನ್ನಡ ವಿಕಿಪೀಡಿಯಕ್ಕೆ ಸೀತ್‌ವೇಟ್ ಕುರಿತು ಲೇಖನವೊಂದರ ಕರಡು ನಡೆಯುತ್ತಿದೆ. ಮೊದಲ ಪ್ಯಾರಾ ಹೀಗಿದೆ:

"ಸೀತ್‌ವೇಟ್, ವಾಯವ್ಯ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬಾರೋಡೇಲ್ ಕಣಿವೆಯ ದಕ್ಷಿಣದ ತುದಿಯಲ್ಲಿರುವ ಪುಟ್ಟ ಮಜರೆ. ಕೆಜಿಕ್ ಪಟ್ಟಣದಿಂದ ಸುಮಾರು 13 ಕಿ.ಮೀ. ದೂರ. ಒಂದು ಕುರಿ ಫಾರ್ಮ್, ಕೆಲವು ಮನೆಗಳು, ಕಲ್ಲಿನ ಕೊಟ್ಟಿಗೆಗಳು ಇಷ್ಟೇ ಇರುವ ಈ ಜಾಗ ಎರಡು ಕಾರಣಕ್ಕೆ ಹೆಸರುವಾಸಿ: ಇಂಗ್ಲೆಂಡಿನಲ್ಲಿ ಜನವಸತಿ ಇರುವ ಜಾಗಗಳಲ್ಲೆಲ್ಲ ಅತಿ ಹೆಚ್ಚು ಮಳೆ ಇಲ್ಲಿ ಬೀಳುತ್ತದೆ, ಜಗತ್ತಿನ ಮೊದಲ ಪೆನ್ಸಿಲ್‌ಗಳಿಗೆ ಬೇಕಾದ ಗ್ರಾಫೈಟ್ ಇದರ ಪಕ್ಕದ ಬೆಟ್ಟದಿಂದ ಹೋಯಿತು."

ಮಳೆ, ಗಣಿ, ಒಡೆತನ, ಬೇಸಾಯ ಹೀಗೆ ವಿಭಾಗ ಮಾಡಿಕೊಂಡಿದ್ದೇನೆ. ವಿಷಯ ತಿಳಿದವರು ತಪ್ಪಾಗುವ ಜಾಗಗಳನ್ನು ತೋರಿಸಿ. ಮಳೆಯ ದಾಖಲೆ ಒಂದೊಂದು ಕಡೆ ಒಂದೊಂದು ರೀತಿ ಇದೆ, ಅದನ್ನಂತೂ ಬಗೆಹರಿಸಲೇಬೇಕು.

ಲೇಕ್‌ನಡಿಗೆ

ಮೊದಲು ಜಾಗವನ್ನೇ ಗಟ್ಟಿ ಮಾಡಿಕೊಳ್ಳಿ ಸರ್. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಸೀತ್‌ವೇಟ್ ಎರಡಿವೆ. ಇನ್ನೊಂದು ದಕ್ಷಿಣದಲ್ಲಿ ಡಡನ್ ನದಿಯ ಕಣಿವೆಯಲ್ಲಿದೆ. ಅಲ್ಲಿ ಚರ್ಚ್ ಇದೆ; ಇಲ್ಲಿಲ್ಲ. ಚರ್ಚಿನ ಚಿತ್ರ ಹಾಕಿದ ಸೀತ್‌ವೇಟ್ ಲೇಖನ ಕಂಡರೆ ಅದು ಡಡನ್‌ನದು ಎಂದು ತಿಳಿಯಿರಿ. ಬಾರೋಡೇಲ್‌ನ ಪ್ಯಾರಿಷ್ ಚರ್ಚ್ ಕಣಿವೆಯ ಕೆಳಗೆ ಸ್ಟೋನ್‌ತ್‌ವೇಟ್ ಹತ್ತಿರ ಇದೆ. ಬಾರೋಡೇಲ್ ಪ್ಯಾರಿಷ್ (ಸ್ಥಳೀಯ ಆಡಳಿತದ ಅತಿ ಸಣ್ಣ ಘಟಕ) ಪೂರ್ತಿಯ ಜನಸಂಖ್ಯೆಯೇ 400ರ ಆಸುಪಾಸು. ಸೀತ್‌ವೇಟ್‌ಗೆ ಪ್ರತ್ಯೇಕ ಜನಗಣತಿ ಅಂಕಿ ಹಾಕಬೇಡಿ.

ಕೆಜಿಕ್‌ನಿಂದ ಬಿ5289 ರಸ್ತೆ ಗ್ರೇಂಜ್, ರಾಸ್‌ತ್‌ವೇಟ್ ದಾಟಿ ಸೀಟಾಲರ್‌ಗೆ ಬರುತ್ತದೆ. ಅಲ್ಲಿಂದ ಮುಖ್ಯ ರಸ್ತೆ ಪಶ್ಚಿಮಕ್ಕೆ ತಿರುಗಿ ಹಾನಿಸ್ಟರ್ ಘಾಟಿ ಹತ್ತುತ್ತದೆ. ಘಾಟಿಯ ನೆತ್ತಿ 356 ಮೀಟರ್, ಕಡಿದಾದ ಜಾಗದಲ್ಲಿ ಏರು 4ಕ್ಕೆ 1. ಸೀಟಾಲರ್‌ಗೆ ಸ್ವಲ್ಪ ಮೊದಲೇ ಎಡಕ್ಕೆ ಒಂದು ಕಿರುದಾರಿ ಒಡೆಯುತ್ತದೆ. ಅದು ಸುಮಾರು 2 ಕಿ.ಮೀ. ಹೋಗಿ ಸೀತ್‌ವೇಟ್ ಫಾರ್ಮಿನ ಅಂಗಳದಲ್ಲಿ ಮುಗಿಯುತ್ತದೆ. ಮುಂದೆ ವಾಹನಕ್ಕೆ ದಾರಿಯಿಲ್ಲ, ಕಾಲುದಾರಿ ಮಾತ್ರ.

ಸುತ್ತಲಿನ ಬೆಟ್ಟಗಳು: ಪೂರ್ವಕ್ಕೆ ಗ್ಲಾರಮಾರಾ (783 ಮೀ.), ಪಶ್ಚಿಮಕ್ಕೆ ಬೇಸ್ ಬ್ರೌನ್ (646 ಮೀ.) ಮತ್ತು ಗ್ರೇ ನಾಟ್ಸ್ (697 ಮೀ.), ನೈಋತ್ಯಕ್ಕೆ ಗ್ರೇಟ್ ಗೇಬಲ್ (899 ಮೀ.). ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ (978 ಮೀ.) ನೇರ ರೇಖೆಯಲ್ಲಿ ಐದೂವರೆ ಕಿ.ಮೀ. ಕೂಡ ಇಲ್ಲ. ಫಾರ್ಮ್ ಇರುವ ಎತ್ತರ 130 ಮೀಟರ್ ಒಳಗೆ. ಅಷ್ಟು ಕಡಿಮೆ ದೂರದಲ್ಲಿ 850 ಮೀಟರ್ ಏರು ಇದೆ ಎಂಬುದನ್ನು ಲೇಖನದಲ್ಲಿ ಎದ್ದು ಕಾಣುವಂತೆ ಹೇಳಿ. ಮಳೆಯೂ ಪ್ರವಾಹವೂ ಅಲ್ಲಿಂದಲೇ ಶುರು.

ಮಳೆಗಣಿತ

ದಾಖಲೆಯ ಗೊಂದಲ ಬಗೆಹರಿಸೋಣ. ಮೂರು ಬೇರೆ ಬೇರೆ ಅಂಕಿಗಳನ್ನು ಜನ ಒಂದೇ ಚೀಲಕ್ಕೆ ತುಂಬುತ್ತಾರೆ.

ವಾರ್ಷಿಕ ಸರಾಸರಿ: ಸೀತ್‌ವೇಟ್‌ಗೆ ಸುಮಾರು 3,550 ಮಿ.ಮೀ. "ಜನವಸತಿ ಇರುವ ಜಾಗಗಳಲ್ಲಿ ಅತಿ ಹೆಚ್ಚು" ಎಂಬ ಮಾತನ್ನು ಬಿಡಬೇಡಿ. ಮಜರೆಯಿಂದ 3 ಕಿ.ಮೀ. ದಕ್ಷಿಣಕ್ಕೆ, ಬೆಟ್ಟದ ಮೇಲಿನ ಸ್ಪ್ರಿಂಕ್ಲಿಂಗ್ ಟಾರ್ನ್ ಎಂಬ ಕೊಳದ ಬಳಿ ಇದಕ್ಕಿಂತ ಹೆಚ್ಚು ಬೀಳುತ್ತದೆ; ಅಲ್ಲಿ ಯಾರೂ ವಾಸವಿಲ್ಲ.

24 ಗಂಟೆಯ ದಾಖಲೆ: 2009ರ ನವೆಂಬರ್ 19ರ ನಡುರಾತ್ರಿಗೆ ಮುಗಿದ 24 ಗಂಟೆಯಲ್ಲಿ ಸೀತ್‌ವೇಟ್ ಫಾರ್ಮಿನಲ್ಲಿ 316.4 ಮಿ.ಮೀ. ಅದು ಆಗ ಇಡೀ ಬ್ರಿಟನ್ನಿನ ದಾಖಲೆ. 2015ರ ಡಿಸೆಂಬರ್ 5ರಂದು ಡೆಸ್ಮಂಡ್ ಬಿರುಗಾಳಿಯಲ್ಲಿ ಪಕ್ಕದ ಹಾನಿಸ್ಟರ್ ಘಾಟಿಯಲ್ಲಿ 341.4 ಮಿ.ಮೀ. ಬಿದ್ದು ಅದು ಮುರಿಯಿತು. ಎರಡೂ ಜಾಗಗಳ ನಡುವೆ ನೇರ ರೇಖೆಯಲ್ಲಿ 2 ಕಿ.ಮೀ. ಕೂಡ ಇಲ್ಲ. "ಸೀತ್‌ವೇಟ್ ಬ್ರಿಟನ್ನಿನ 24 ಗಂಟೆಯ ದಾಖಲೆ ಹೊಂದಿದೆ" ಎಂದು ವರ್ತಮಾನದಲ್ಲಿ ಬರೆದರೆ ತಪ್ಪು.

ಇನ್ನು 'ಮಳೆದಿನ'ದ ದಾಖಲೆ. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 9ರಿಂದ ಮರುದಿನ ಬೆಳಿಗ್ಗೆ 9ರವರೆಗೆ. ಆ ಲೆಕ್ಕದ ದಾಖಲೆ ದಕ್ಷಿಣದ ಡಾರ್ಸೆಟ್‌ನ ಮಾರ್ಟಿನ್ಸ್‌ಟೌನ್‌ದು: 1955ರ ಜುಲೈ 18, 279 ಮಿ.ಮೀ. ಮೇಲಿನವು ಯಾವ ಗಳಿಗೆಯಿಂದ ಬೇಕಾದರೂ ಎಣಿಸಬಹುದಾದ 24 ಗಂಟೆಗಳು. ಇವೆರಡನ್ನು ಬೆರೆಸಿದ್ದರಿಂದಲೇ ನಿಮಗೆ ಒಂದೊಂದು ಕಡೆ ಒಂದೊಂದು ಉತ್ತರ ಸಿಕ್ಕಿರುವುದು.

ಇದಲ್ಲದೆ 2009ರ ನವೆಂಬರ್‌ನಲ್ಲಿ ಸೀತ್‌ವೇಟ್‌ನಲ್ಲಿ ಸತತ ನಾಲ್ಕು ದಿನಕ್ಕೆ 495 ಮಿ.ಮೀ. ಬಿತ್ತು. ನದಿಯನ್ನು ಉಕ್ಕಿಸಿದ್ದು ಆ ಒಟ್ಟು ಮೊತ್ತ. ಬರೀ ಒಂದು ದಿನದ ಅಂಕಿ ಹಾಕಿ ಬಿಡಬೇಡಿ.

ತುಂತುರು

ಆಗುಂಬೆಯ ಮಳೆಗೆ ಹೋಲಿಸಿದರೆ 3,550 ಮಿ.ಮೀ. ಸುಮಾರು ಅರ್ಧ ಅಷ್ಟೇ. ಆದರೆ ನಕಾಶೆ ನೋಡಿದರೆ ಒಂದು ಸಂಶಯ. ಗಾಳಿ ನೈಋತ್ಯದಿಂದ, ಐರಿಶ್ ಸಮುದ್ರದ ಕಡೆಯಿಂದ ಬರುತ್ತದೆ. ಸೀತ್‌ವೇಟ್ ಇರುವುದು ಸ್ಕಾಫೆಲ್ ಬೆಟ್ಟಗಳ ಈಶಾನ್ಯಕ್ಕೆ. ಪಶ್ಚಿಮ ಘಟ್ಟದ ಪೂರ್ವಕ್ಕೆ ಆಗುವಂತೆ ಅಲ್ಲಿ ಮಳೆನೆರಳು ಆಗಬೇಕಿತ್ತಲ್ಲ?

ಮಳೆಗಣಿತ

ಒಳ್ಳೆಯ ಪ್ರಶ್ನೆ ಮೇಡಂ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು.

ತೇವದ ಗಾಳಿ ಬೆಟ್ಟ ಹತ್ತುವಾಗ ನೆತ್ತಿಯ ಸುತ್ತ ದಟ್ಟ ಮೋಡ ಕಟ್ಟುತ್ತದೆ. ಅದರ ಮೇಲೆ, ಇನ್ನೂ ಎತ್ತರದಲ್ಲಿ, ಬಿರುಗಾಳಿಯ ದೊಡ್ಡ ಮೋಡದ ಪದರ ಇರುತ್ತದೆ. ಮೇಲಿನ ಮೋಡದಿಂದ ಬೀಳುವ ಹನಿ ಕೆಳಗಿನ ಬೆಟ್ಟದ ಮೋಡವನ್ನು ಹಾಯುವಾಗ ಅಲ್ಲಿನ ಸಣ್ಣ ಕಣಗಳನ್ನೆಲ್ಲ ಬಳಿದುಕೊಂಡು ದಪ್ಪವಾಗುತ್ತದೆ. ಬೆಟ್ಟದ ಮೋಡ ತಾನಾಗಿಯೇ ಸುರಿಸಿದ್ದರೆ ಬರೀ ಜಿನುಗು ಮಳೆ.

ಈಗ ಹನಿ ಎಲ್ಲಿ ಬೀಳುತ್ತದೆ ನೋಡಿ. ಒಂದೂವರೆ ಮಿ.ಮೀ. ದಪ್ಪದ ಹನಿ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಬೀಳುತ್ತದೆ. 1,000 ಮೀಟರ್ ಇಳಿಯಲು 200 ಸೆಕೆಂಡ್ ಬೇಕು. ಗಾಳಿ ಸೆಕೆಂಡಿಗೆ 20 ಮೀಟರ್ ಬೀಸುತ್ತಿದ್ದರೆ ಅಷ್ಟರಲ್ಲಿ ಹನಿ 4 ಕಿ.ಮೀ. ಮುಂದೆ ಹೋಗಿರುತ್ತದೆ. ಸ್ಕಾಫೆಲ್ ಸಾಲಿನ ನೆತ್ತಿಯಿಂದ ಸೀತ್‌ವೇಟ್‌ಗೆ ಇರುವ ದೂರ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಯ ಬೆಟ್ಟಸಾಲು ಅಗಲದಲ್ಲಿ ಕಿರಿದು. ಮಳೆನೆರಳು ಬೆಟ್ಟದ ಬುಡದಿಂದಲೇ ಶುರುವಾಗುವುದಿಲ್ಲ, ಆಚೆ ಸರಿದಿರುತ್ತದೆ. ಕೆಜಿಕ್‌ಗೆ ಬಂದರೆ ವರ್ಷದ ಮಳೆ ಸುಮಾರು 1,500 ಮಿ.ಮೀ.ಗೆ ಇಳಿಯುತ್ತದೆ, ಇನ್ನೂ ಪೂರ್ವದ ಪೆನ್ರಿತ್‌ನಲ್ಲಿ 900ರ ಹತ್ತಿರ. ನೀವು ಹುಡುಕುತ್ತಿರುವ ಮಳೆನೆರಳು ಅದು.

ಕಾಲದ ಹಂಚಿಕೆಯೂ ನಮ್ಮ ಮಲೆನಾಡಿನಂತಲ್ಲ. ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ, ವರ್ಷವಿಡೀ ಬೀಳುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಕಡಿಮೆ, ಅಕ್ಟೋಬರ್‌ನಿಂದ ಜನವರಿವರೆಗೆ ಜೋರು.

ನಕಾಶೆಮನೆ

316.4 ಎಂದು ದಶಮಾಂಶದವರೆಗೆ ಹೇಗೆ ಅಳೆದರು? ಪಾತ್ರೆ ತುಂಬಿ ಹರಿಯುವುದಿಲ್ಲವೇ?

ಮಳೆಗಣಿತ

ಬ್ರಿಟನ್ನಿನ ಸಾಂಪ್ರದಾಯಿಕ ತಾಮ್ರದ ಮಳೆಮಾಪಕದ ಬಾಯಿ 5 ಇಂಚು, ಅಂದರೆ 127 ಮಿ.ಮೀ. ಅಂಚು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಬೇಕು. ಬಾಯಿಯ ವಿಸ್ತೀರ್ಣ ಸುಮಾರು 126.7 ಚದರ ಸೆಂ.ಮೀ. ಹಾಗಾಗಿ 316.4 ಮಿ.ಮೀ. ಮಳೆ ಎಂದರೆ ಆ ಪುಟ್ಟ ಬಾಯೊಳಗೆ 4 ಲೀಟರ್ ನೀರು. ದಿನಕ್ಕೊಮ್ಮೆ ನೋಡುವ ಬಾಟಲಿಗೆ ಅದು ಹಿಡಿಸುವಂಥದ್ದಲ್ಲ.

ಗಂಟೆಗಂಟೆಯ ಅಂಕಿ ಬರುವುದು ಏತದಂತೆ ತೂಗುವ ಜೋಡಿ ಬಟ್ಟಲಿನ ಮಾಪಕದಿಂದ. ಒಂದು ಬಟ್ಟಲಿನಲ್ಲಿ 0.2 ಮಿ.ಮೀ. ಮಳೆ ತುಂಬಿದೊಡನೆ ಅದು ಮಗುಚಿ ಇನ್ನೊಂದು ಬಾಯಿಗೆ ಬರುತ್ತದೆ, ಪ್ರತಿ ಮಗುಚಿಗೂ ಒಂದು ಎಣಿಕೆ. 0.2ರ ಬಟ್ಟಲಾದರೆ 316.4ಕ್ಕೆ 1,582 ಮಗುಚು. ಇದರ ದೋಷವೂ ಗೊತ್ತಿರಲಿ: ಬಟ್ಟಲು ಮಗುಚುತ್ತಿರುವ ಕ್ಷಣದಲ್ಲಿ ಬೀಳುವ ನೀರು ಈಗಾಗಲೇ ತುಂಬಿದ ಕಡೆಗೇ ಹೋಗಿ ಲೆಕ್ಕ ತಪ್ಪುತ್ತದೆ, ಆದ್ದರಿಂದ ಬಿರುಮಳೆಯಲ್ಲಿ ಅಂಕಿ ಕಡಿಮೆ ಬರುತ್ತದೆ. ಜೊತೆಗೆ ಗಾಳಿಯ ಸುಳಿ ಹನಿಗಳನ್ನು ಬಾಯಿಯ ಮೇಲಿಂದ ಹಾರಿಸಿಕೊಂಡು ಹೋಗುತ್ತದೆ. ಎರಡೂ ದೋಷ ಕಡಿಮೆಯ ಕಡೆಗೇ. ಅದಕ್ಕೇ ಪಕ್ಕದಲ್ಲಿ ಸಾದಾ ಮಾಪಕವೊಂದನ್ನು ತಾಳೆ ನೋಡಲು ಇಡುವುದು.

ಇಲ್ಲಿ ಅಳತೆ ಶುರುವಾದದ್ದು 1840ರ ದಶಕದಲ್ಲಿ, ವೈಟ್‌ಹೇವನ್‌ನ ಜಾನ್ ಫ್ಲೆಚರ್ ಮಿಲ್ಲರ್ ಈ ಬೆಟ್ಟಗಳಲ್ಲಿ ಮಳೆಮಾಪಕಗಳನ್ನು ಇರಿಸಿದಾಗ. ಆ ಹೆಸರು ಲೇಖನದಲ್ಲಿ ಇರಲೇಬೇಕು. ಸೀತ್‌ವೇಟ್‌ನ ಮಳೆಯ ಖ್ಯಾತಿ ನಿಂತಿರುವುದೇ ಅವರ ಪಟ್ಟಿಗಳ ಮೇಲೆ.

ಗಣಿಕಲ್ಲು

ಗ್ರಾಫೈಟಿನ ವಿಭಾಗಕ್ಕೆ. "ಗ್ರಾಫೈಟ್ ಪದರ" ಎಂದು ಕರಡಿನಲ್ಲಿ ಬರೆದಿದ್ದರೆ ತೆಗೆಯಿರಿ. ಸಾಮಾನ್ಯವಾಗಿ ಗ್ರಾಫೈಟ್ ಸಿಗುವುದು ಹಳೆಯ ಮಡ್ಡಿಗಲ್ಲು (ಕೆಸರು ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲು) ಕಾವು-ಒತ್ತಡಕ್ಕೆ ಸಿಕ್ಕಿ ಬದಲಾದ ಶಿಲೆಗಳಲ್ಲಿ. ಇಲ್ಲಿಯದು ಜ್ವಾಲಾಮುಖಿ ಶಿಲೆಯೊಳಗಿದೆ. ಸುಮಾರು 45 ಕೋಟಿ ವರ್ಷ ಹಿಂದಿನ ಬಾರೋಡೇಲ್ ಜ್ವಾಲಾಮುಖಿ ಶಿಲಾಸಮೂಹ ಮತ್ತು ಅದರೊಳಗೆ ನುಗ್ಗಿದ ಡಯೊರೈಟ್ ಎಂಬ ಅಗ್ನಿಶಿಲೆ. ಕೆಳಗಿನ ಸ್ಕಿಡಾ ಸಮೂಹದ ಜೇಡಿಪದರಗಳ ಇಂಗಾಲ ಶಿಲಾಪಾಕಕ್ಕೆ ಸೇರಿ, ಬಿಸಿ ದ್ರವಗಳ ಜೊತೆ ಬಿರುಕುಗಳಲ್ಲಿ ಮೇಲೇರಿ, ಅಲ್ಲಿ ಗ್ರಾಫೈಟ್ ಆಗಿ ಕೂತಿದೆ. ಬಿರುಕುಗಳು ಒಂದನ್ನೊಂದು ಹಾಯುವ ಕಡೆ ಅದು ಕೊಳವೆಯ ಆಕಾರದಲ್ಲಿ ಗಟ್ಟಿಯಾಗಿದೆ. ಕೊಳವೆಯ ಅಡ್ಡಗಲ 1 ರಿಂದ 3 ಮೀಟರ್ ಮಟ್ಟದ್ದು, ಉದ್ದ ಕೆಲವು ಮೀಟರ್‌ನಿಂದ 100 ಮೀಟರ್ ದಾಟುವವರೆಗೆ.

ಗಣಿಯ ಇತಿಹಾಸವೆಲ್ಲ ಈ ಆಕಾರದಲ್ಲೇ ಇದೆ. ಕೊಳವೆ ಸಿಕ್ಕರೆ ಕೆಲವೇ ವಾರದಲ್ಲಿ ರಾಶಿ ರಾಶಿ, ಸಿಗದಿದ್ದರೆ ವರ್ಷಗಟ್ಟಲೆ ಬರೀ ಕಲ್ಲು ಕೊರೆಯುವ ಖರ್ಚು. ಸಿಕ್ಕಾಗ ಮಾಲೀಕರು ತೆಗೆದು ದಾಸ್ತಾನು ಮಾಡಿ, ಬೆಲೆ ಇಳಿಯದಂತೆ ಗಣಿಯನ್ನು ವರ್ಷಗಳ ಕಾಲ ಮುಚ್ಚಿಡುತ್ತಿದ್ದರು. ಸ್ಥಳೀಯರು ಈ ಖನಿಜವನ್ನು 'ವಾಡ್' ಎಂದರು. ಮೊದಮೊದಲು ಕುರಿಗೆ ಗುರುತು ಹಾಕಲು ಬಳಸಿದರು. ಬೆಲೆ ಏರಿಸಿದ್ದು ಫಿರಂಗಿ ಗುಂಡು: ಎರಕದ ಅಚ್ಚಿನ ಒಳಮೈಗೆ ಗ್ರಾಫೈಟ್ ಬಳಿದರೆ ಕಬ್ಬಿಣ ಅಂಟುವುದಿಲ್ಲ, ಗುಂಡು ನುಣುಪಾಗಿ ಬರುತ್ತದೆ.

ಬಿರುಗಾಳಿಗೆ ಮರ ಬುಡಮೇಲಾಗಿ ಬೇರಿನಡಿ ಕಪ್ಪು ಕಲ್ಲು ಕಂಡಿತು ಎಂಬ ಕತೆಯನ್ನು ದಂತಕತೆ ಎಂದೇ ಬರೆಯಿರಿ. ಖಚಿತ ಮೈಲುಗಲ್ಲು 1565. ಸ್ವಿಟ್ಜರ್ಲೆಂಡಿನ ಕಾನ್ರಾಡ್ ಗೆಸ್ನರ್ ಆ ವರ್ಷ ಮರದ ಹಿಡಿಯೊಳಗಿನ ಬರೆಯುವ ಕಡ್ಡಿಯ ಚಿತ್ರ ಪ್ರಕಟಿಸಿದ್ದಾರೆ.

ದಫ್ತರ

ಒಡೆತನದ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸಬೇಡಿ ಸರ್, ನನ್ನ ಪ್ರಕಾರ ಈ ಮಜರೆಯ ಇತಿಹಾಸದ ತಿರುಳು ಅಲ್ಲಿದೆ.

1209ರಲ್ಲಿ ಫರ್ನೆಸ್ ಮಠ ಬಾರೋಡೇಲ್ ಕೊಂಡಿತು. ಕಣಿವೆಯ ಇನ್ನೊಂದು ಪಾಲು ಫೌಂಟನ್ಸ್ ಮಠದ್ದು. ಸ್ಟೋನ್‌ತ್‌ವೇಟ್‌ನ ದನದ ದೊಡ್ಡಿಗಾಗಿ ಎರಡೂ ಮಠಗಳು ಕಿತ್ತಾಡಿ, 1304ರಲ್ಲಿ ದೊರೆಯೇ ಅದನ್ನು ವಶಪಡಿಸಿಕೊಂಡು 40 ಶಿಲಿಂಗ್‌ಗೆ ಫೌಂಟನ್ಸ್‌ಗೆ ಮಾರಿದ. 1537ರಲ್ಲಿ ಎಂಟನೇ ಹೆನ್ರಿ ಫರ್ನೆಸ್ ಮಠ ಮುಚ್ಚಿಸಿದ ಮೇಲೆ ಜಮೀನು ದೊರೆತನಕ್ಕೆ ಹೋಯಿತು.

ಮುಂದಿನ ತಿರುವು 1614ರ ನವೆಂಬರ್‌ನ ಕ್ರಯಪತ್ರ. ಅದನ್ನು 'ಬಾರೋಡೇಲ್‌ನ ಮಹಾಪತ್ರ' ಎನ್ನುತ್ತಾರೆ. ಅದರ ಮೂಲಕ ಕಣಿವೆಯ ಗೇಣಿದಾರರು ತಮ್ಮ ಜಮೀನಿಗೆ ತಾವೇ ಒಡೆಯರಾದರು. ಇಂಗ್ಲೆಂಡಿನ ಬೇರೆ ಕಡೆ ಹಳ್ಳಿಗೊಬ್ಬ ಜಮೀನ್ದಾರ ಇದ್ದ ಕಾಲದಲ್ಲಿ ಇಲ್ಲಿ ಸಣ್ಣ ಹಿಡುವಳಿಯ ಸ್ವತಂತ್ರ ರೈತರು ಉಳಿದದ್ದಕ್ಕೆ ಇದು ದೊಡ್ಡ ಕಾರಣ. ಆದರೆ ಪತ್ರದಲ್ಲಿ ಒಂದು ಹೊರತು ಇತ್ತು: ವಾಡ್ ಗುಂಡಿಗಳು ಮತ್ತು ವಾಡ್ ಮಾರಾಟಕ್ಕೆ ಸೇರಿಲ್ಲ. ಮೇಲಿನ ಹುಲ್ಲು ರೈತರಿಗೆ, ಕೆಳಗಿನ ಖನಿಜ ಹೊರಗಿನವರಿಗೆ. ಗಣಿಯ ಪಾಲು ಮುಂದೆ ದಕ್ಷಿಣದ ಡಾರ್ಸೆಟ್‌ನಲ್ಲಿದ್ದ ಬ್ಯಾಂಕ್ಸ್ ಮನೆತನಕ್ಕೆ ಹೋಯಿತು.

ಇಷ್ಟು ತಿಳಿದ ಮೇಲೆ ಕಳ್ಳತನದ ಕತೆಗಳು ಬೇರೆಯಾಗಿ ಕಾಣುತ್ತವೆ. ತಮ್ಮ ಕುರಿ ಮೇಯುವ ಬೆಟ್ಟದಲ್ಲೇ ಸಿಗುವ ಕಲ್ಲನ್ನು ಮುಟ್ಟಿದರೆ ಅಪರಾಧ. 1752ರಲ್ಲಿ ಪಾರ್ಲಿಮೆಂಟ್ ಇದಕ್ಕಾಗಿಯೇ ಕಾಯ್ದೆ ಮಾಡಿತು: ವಾಡ್ ಕದ್ದರೆ, ಕದ್ದದ್ದನ್ನು ಕೊಂಡರೂ, ಕಠಿಣ ಶಿಕ್ಷೆಯ ಸೆರೆ ಅಥವಾ ಏಳು ವರ್ಷ ಸಾಗರದಾಚೆ ಗಡೀಪಾರು. ಗಣಿಯ ಬಾಯಿಗೆ ಮನೆ ಕಟ್ಟಿ ಕಾವಲು ಇಟ್ಟರು, ಕೆಲಸಗಾರರು ಹೊರಗೆ ಬರುವಾಗ ಮೈತಪಾಸಣೆ ಮಾಡಿದರು. ಲೇಖನದಲ್ಲಿ ಬರೀ "ಕಳ್ಳಸಾಗಣೆ ಹೆಚ್ಚಿತ್ತು" ಎಂದು ಬರೆದರೆ ಅಲ್ಲಿಯ ಜನರಿಗೆ ಅನ್ಯಾಯ.

ತುಂತುರು

ಇಷ್ಟು ಬೆಲೆಯ ಗಣಿ ಮುಚ್ಚಿದ್ದು ಏಕೆ? ಗ್ರಾಫೈಟ್ ಮುಗಿದುಹೋಯಿತೇ?

ಗಣಿಕಲ್ಲು

ಒಳ್ಳೆಯ ಕೊಳವೆಗಳು ಸಿಗುವುದು ನಿಂತಿತು, ಅದಕ್ಕೂ ಮೊದಲೇ ಅವುಗಳ ಅನಿವಾರ್ಯತೆ ಹೋಗಿತ್ತು. ಸೀತ್‌ವೇಟ್ ಗ್ರಾಫೈಟಿನ ಹಿರಿಮೆ ಎಂದರೆ ಗಟ್ಟಿ ಉಂಡೆಯನ್ನು ಗರಗಸದಿಂದ ತೆಳು ಹಲಗೆಯಾಗಿ ಸೀಳಿ, ಹಲಗೆಯನ್ನು ಚೌಕ ಕಡ್ಡಿಗಳಾಗಿ ಕೊಯ್ದು, ನೇರವಾಗಿ ಮರದಲ್ಲಿ ಕೊರೆದ ತೋಡಿಗೆ ಕೂರಿಸಬಹುದಿತ್ತು. ಬೇರೆ ಕಡೆಯ ಗ್ರಾಫೈಟ್ ಪುಡಿಪುಡಿ, ಹಾಗೆ ಕೊಯ್ಯಲು ಬರುತ್ತಿರಲಿಲ್ಲ. ಆದರೆ ಕೊಯ್ಯುವಾಗ ಪುಡಿಯಾಗಿ ಹೋಗುವ ಪಾಲೂ ದೊಡ್ಡದು.

ಯುದ್ಧದಿಂದಾಗಿ ಇಂಗ್ಲಿಷ್ ಗ್ರಾಫೈಟ್ ಸಿಗದ ಫ್ರಾನ್ಸಿನಲ್ಲಿ ನಿಕೊಲಾ-ಜಾಕ್ ಕಾಂಟೆ 1795ರಲ್ಲಿ ದಾರಿ ಕಂಡುಕೊಂಡರು: ಗ್ರಾಫೈಟ್ ಪುಡಿಯನ್ನು ಜೇಡಿಮಣ್ಣಿನ ಜೊತೆ ನಾದಿ, ಕಡ್ಡಿ ಮಾಡಿ, ಗೂಡಿನಲ್ಲಿ ಸುಡುವುದು. ಮಣ್ಣು ಹೆಚ್ಚಾದರೆ ಗಡಸು ಪೆನ್ಸಿಲ್, ಕಡಿಮೆಯಾದರೆ ಮೆದು. ಇಂದಿಗೂ ಪೆನ್ಸಿಲ್ ಆಗುವುದು ಇದೇ ಕ್ರಮದಲ್ಲಿ. ಇಂಗ್ಲೆಂಡಿನಲ್ಲಿ ವಿಲಿಯಂ ಬ್ರಾಕ್‌ಡನ್ 1843ರಲ್ಲಿ ಶುದ್ಧ ಪುಡಿಯನ್ನು ಗಾಳಿ ತೆಗೆದು ಒತ್ತಿ ಇಟ್ಟಿಗೆ ಮಾಡುವ ಪೇಟೆಂಟ್ ಪಡೆದ ಮೇಲೆ ವ್ಯರ್ಥವಾಗುತ್ತಿದ್ದ ಪುಡಿಯೂ ಬಳಕೆಗೆ ಬಂತು. ಗಣಿ ಸುಮಾರು 1891ರಲ್ಲಿ ನಿಂತಿತು. ಕೆಜಿಕ್‌ನ ಪೆನ್ಸಿಲ್ ಕಾರ್ಖಾನೆ (1832ರಿಂದ) ಹೊರಗಿನ ಗ್ರಾಫೈಟ್ ತರಿಸಿಕೊಂಡು ಮುಂದುವರಿಯಿತು. ಈಗ ತಯಾರಿಕೆ ವರ್ಕಿಂಗ್‌ಟನ್ ಬಳಿ, ಕೆಜಿಕ್‌ನಲ್ಲಿ ಪೆನ್ಸಿಲ್ ಮ್ಯೂಸಿಯಂ ಇದೆ.

ಓದಿದವರು ಗಣಿಯೊಳಗೆ ಇಳಿಯದಂತೆ ಒಂದು ಸಾಲು ಸೇರಿಸಿ. ಕೊಳವೆಗಳು ನೆಟ್ಟಗೆ ಕೆಳಕ್ಕೆ ಹೋಗುತ್ತವೆ, ಸುರಂಗದ ನೆಲದಲ್ಲೇ ಕತ್ತಲ ಬಾವಿ ಇದ್ದಂತೆ. ಗಣಿ ಪ್ರದೇಶ ವೈಜ್ಞಾನಿಕ ಮಹತ್ವದ ರಕ್ಷಿತ ತಾಣವೂ ಹೌದು, ಕಲ್ಲು ಆಯ್ದುಕೊಂಡು ಬರುವಂತಿಲ್ಲ.

ಕುರಿಹಟ್ಟಿ

ಗಣಿ ಮುಚ್ಚಿ ನೂರು ವರ್ಷದ ಮೇಲಾಯಿತು, ಊರು ಉಳಿದಿರುವುದು ಕುರಿಯಿಂದ. ಈಗ ಫಾರ್ಮಿನ ಒಡೆತನ ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ರಕ್ಷಣೆಯ ದತ್ತಿ ಸಂಸ್ಥೆಯದು, ಸಾಗುವಳಿ ಗೇಣಿದಾರರದು. ತಳಿ ಹೆರ್ಡ್‌ವಿಕ್. ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಮೈ ಬೂದು, ಮುಖ ಬಿಳಿ. ಉಣ್ಣೆ ಒರಟು, ಬೆಲೆ ಬಾರದು. ಆದರೆ ಈ ಮಳೆಯಲ್ಲಿ, ಇಷ್ಟು ಬಡ ಹುಲ್ಲಿನಲ್ಲಿ, ಚಳಿಗಾಲದಲ್ಲೂ ಬೆಟ್ಟದ ಮೇಲೆ ಬದುಕುವ ತಳಿ ಇನ್ನೊಂದು ಸಿಗುವುದು ಕಷ್ಟ.

ಜಮೀನು ಮೂರು ಪಟ್ಟಿ. ಕಣಿವೆಯ ತಳದಲ್ಲಿ ಮನೆಯ ಹತ್ತಿರದ ಹುಲ್ಲುಗದ್ದೆ, ಇಲ್ಲಿ ಮೇವು ಕೊಯ್ಲು, ಮರಿ ಹಾಕಿಸುವುದು. ಅದರ ಮೇಲೆ ಇಳಿಜಾರಿನಲ್ಲಿ ಗೋಡೆ ಕಟ್ಟಿ ಬೆಟ್ಟದಿಂದ ಕಸಿದ ಹುಲ್ಲುಗಾವಲು. ಕೊನೆಯ ಗೋಡೆಯಾಚೆ ಬೇಲಿಯೇ ಇಲ್ಲದ ಬೆಟ್ಟ. ಬೇಲಿಯಿಲ್ಲದೆ ಕುರಿ ತಪ್ಪಿಹೋಗದಿರುವುದು ಹೇಗೆಂದರೆ, ಪ್ರತಿ ಹಿಂಡಿಗೂ ತನ್ನ ಪಾಲಿನ ಜಾಗ ಗೊತ್ತು, ಮರಿ ಅದನ್ನು ತಾಯಿಯ ಹಿಂದೆ ತಿರುಗಿ ಕಲಿಯುತ್ತದೆ. ಹಿಂಡು ಪೂರ್ತಿ ಮಾರಿದರೆ ಆ ತಿಳಿವಳಿಕೆಯೂ ಹೋಗುತ್ತದೆ, ಹೊಸ ಹಿಂಡಿಗೆ ಕಲಿಸಲು ವರ್ಷಗಟ್ಟಲೆ ಕಾಯಬೇಕು. ಅದಕ್ಕೇ ಟ್ರಸ್ಟಿನ ಹಲವು ಹೆರ್ಡ್‌ವಿಕ್ ಫಾರ್ಮುಗಳಲ್ಲಿ ಹಿಂಡಿನ ಒಂದು ಪಾಲು ಜಮೀನಿಗೇ ಸೇರಿದ್ದು. ಗೇಣಿದಾರ ಬಿಟ್ಟು ಹೋಗುವಾಗ ಅಷ್ಟೇ ಕುರಿ ಒಪ್ಪಿಸಿ ಹೋಗಬೇಕು.

ಗೋಡೆಗಳ ಬಗ್ಗೆ "ಕಲ್ಲಿನ ಬೇಲಿ" ಎಂದಷ್ಟೇ ಬರೆಯಬೇಡಿ. ಗಾರೆಯಿಲ್ಲದ ಜೋಡಿ ಗೋಡೆ ಅದು. ಬುಡದಲ್ಲಿ 70 ಸೆಂ.ಮೀ. ಅಗಲ, ಮೇಲಕ್ಕೆ ಹೋದಂತೆ ಕಿರಿದಾಗಿ ತುದಿಯಲ್ಲಿ 40ರ ಹತ್ತಿರ. ಎರಡು ಮೈಗಳ ನಡುವೆ ಸಣ್ಣ ಕಲ್ಲು ಬಿಗಿಯಾಗಿ ತುಂಬುತ್ತಾರೆ. ಅರ್ಧ ಎತ್ತರದಲ್ಲಿ ಎರಡೂ ಮೈಗೆ ಹಾಯುವ ಉದ್ದ ಕಲ್ಲು. ಒಂದು ಮೀಟರ್ ಗೋಡೆಗೆ ಸುಮಾರು 2 ಟನ್ ಕಲ್ಲು ಬೇಕು, ನುರಿತವನು ದಿನಕ್ಕೆ ಕಟ್ಟುವುದು 2-3 ಮೀಟರ್. ಕಲ್ಲಿನ ಉದ್ದವನ್ನು ಗೋಡೆಯೊಳಕ್ಕೆ ಇಡಬೇಕು. ಚಂದಕ್ಕೆಂದು ಗೋಡೆಯುದ್ದಕ್ಕೆ ಮಲಗಿಸಿದರೆ, ಅಥವಾ ನಡುವಿನ ತುಂಬು ಸಡಿಲವಾದರೆ, ಕೆಲವು ಚಳಿಗಾಲದಲ್ಲೇ ಹೊಟ್ಟೆ ಉಬ್ಬಿ ಬೀಳುತ್ತದೆ.

ಪ್ರವಾಹದಲ್ಲಿ ಇದೇ ಗೋಡೆ ಶತ್ರು. ಹರಿವಿಗೆ ಅಡ್ಡ ಇರುವ ಗೋಡೆ ನೀರನ್ನು ಅಣೆಕಟ್ಟಿನಂತೆ ತಡೆದು, ಒಮ್ಮೆಲೇ ಒಡೆದು, ಕಲ್ಲನ್ನೆಲ್ಲ ಕೆಳಗಿನ ಗದ್ದೆಗೆ ಹರಡುತ್ತದೆ. ಬುಡದಲ್ಲಿ ನೀರುಗಂಡಿ ಬಿಡುವುದು ಅದಕ್ಕೆ. ಕಸಕಡ್ಡಿ ಸಿಕ್ಕಿ ಗಂಡಿ ಮುಚ್ಚಿದರೆ ಗೋಡೆ ಹೋಯಿತು. ಹುಲ್ಲುಗದ್ದೆಯ ಮೇಲೆ ಬಂದು ಬೀಳುವ ಜಲ್ಲಿಯನ್ನು ತೆಗೆಯುವುದು ಗೋಡೆ ಕಟ್ಟುವುದಕ್ಕಿಂತ ದೊಡ್ಡ ಕೆಲಸ.

ಮಳೆಗಣಿತ

ಪ್ರವಾಹಕ್ಕೆ ನದಿಯ ದಾರಿ ಸೇರಿಸಿ. ಗ್ರೇನ್ಸ್ ಗಿಲ್, ಸ್ಟೈಹೆಡ್ ಗಿಲ್ ಎಂಬ ಹಳ್ಳಗಳು ಮಜರೆಯ ಮೇಲ್ಗಡೆ ಕೂಡಿ ಡರ್ವೆಂಟ್ ನದಿಯಾಗಿ, ಡರ್ವೆಂಟ್‌ವಾಟರ್, ಬ್ಯಾಸೆಂತ್‌ವೇಟ್ ಸರೋವರಗಳನ್ನು ಹಾಯ್ದು ಕಾಕರ್‌ಮೌತ್ ಪಟ್ಟಣ ಮುಟ್ಟುತ್ತದೆ. ಹಾನಿಸ್ಟರ್ ಘಾಟಿಯ ಆಚೆ ಬಿದ್ದ ನೀರು ಬಟರ್‌ಮಿಯರ್, ಕ್ರಮಕ್ ವಾಟರ್ ದಾಟಿ ಕಾಕರ್ ನದಿಯಾಗಿ ಬಂದು ಅದೇ ಪಟ್ಟಣದ ನಡುವೆ ಡರ್ವೆಂಟ್ ಸೇರುತ್ತದೆ. ಒಂದೇ ಬೆಟ್ಟದ ಎರಡು ಮಗ್ಗುಲಿನ ಮಳೆ ಒಂದೇ ಊರಿನಲ್ಲಿ ಕೂಡುತ್ತದೆ ಎಂದಾಯಿತು. 2009ರಲ್ಲಿ ಕಾಕರ್‌ಮೌತ್ ಮುಳುಗಿ, ಕೆಳಗೆ ವರ್ಕಿಂಗ್‌ಟನ್‌ನಲ್ಲಿ ಸೇತುವೆ ಕುಸಿದದ್ದಕ್ಕೆ ಈ ನಕಾಶೆಯೇ ವಿವರಣೆ. 1 ಚದರ ಕಿ.ಮೀ. ಮೇಲೆ 316.4 ಮಿ.ಮೀ. ಬಿದ್ದರೆ 31.6 ಕೋಟಿ ಲೀಟರ್ ನೀರು. ಅಂಥ ಎಷ್ಟೋ ಚದರ ಕಿ.ಮೀ. ಬೆಟ್ಟ, ಬಹುಪಾಲು ಬರೀ ಬಂಡೆ.

ತುಂತುರು

ಗಿಡಮರಗಳ ಬಗ್ಗೆ ಒಂದು ಪ್ಯಾರಾ ಬೇಕು. ಈ ತೇವದಿಂದಲೇ ಬಾರೋಡೇಲ್‌ನ ಓಕ್ ಕಾಡುಗಳಲ್ಲಿ ಪಾಚಿ, ಕಲ್ಲುಹೂವು, ಜರೀಗಿಡ ದಟ್ಟವಾಗಿವೆ. ಅವನ್ನು ಸಮಶೀತೋಷ್ಣ ಮಳೆಕಾಡು ಎಂದು ಗುರುತಿಸಿ 2024ರಲ್ಲಿ ರಾಷ್ಟ್ರೀಯ ನಿಸರ್ಗಧಾಮ ಘೋಷಿಸಿದರು. ಗಣಿಯ ಕೆಳಗಿನ ಇಳಿಜಾರಿನಲ್ಲಿ ಬಾರೋಡೇಲ್ ಯೂ ಮರಗಳಿವೆ. ಹಿಂದೆ ನಾಲ್ಕಿದ್ದವು, 1883ರ ಬಿರುಗಾಳಿಗೆ ಒಂದು ಬಿತ್ತು, ಮೂರು ಉಳಿದಿವೆ.

ಲೇಕ್‌ನಡಿಗೆ

'ತಲುಪುವುದು' ವಿಭಾಗಕ್ಕೆ. 78ನೇ ನಂಬರಿನ ಬಸ್ಸು ಕೆಜಿಕ್‌ನಿಂದ ಸೀಟಾಲರ್‌ವರೆಗೆ ಮಾತ್ರ, ಮುಂದಕ್ಕೆ ಕಾಲ್ನಡಿಗೆ. ಕಾರುಗಳನ್ನು ಕಿರುದಾರಿಯ ಅಂಚಿನಲ್ಲಿ ನಿಲ್ಲಿಸುತ್ತಾರೆ. ಟ್ರ್ಯಾಕ್ಟರ್, ಆಂಬುಲೆನ್ಸ್ ಹೋಗುವಷ್ಟು ಜಾಗ ಬಿಡದಿದ್ದರೆ ಕಣಿವೆಯೇ ಕಟ್ಟಿಹೋಗುತ್ತದೆ.

ಫಾರ್ಮಿನ ಅಂಗಳ ದಾಟಿ ದಕ್ಷಿಣಕ್ಕೆ ಒಂದೂವರೆ ಕಿ.ಮೀ. ಹೋದರೆ ಸ್ಟಾಕ್ಲಿ ಸೇತುವೆ. ಹೇರುಕುದುರೆಗಳ ಕಾಲದ ಕಲ್ಲುಕಮಾನು, 1966ರ ಪ್ರವಾಹದಲ್ಲಿ ಕಿತ್ತು ಮತ್ತೆ ಕಟ್ಟಿದ್ದು. ಅಲ್ಲಿ ದಾರಿ ಕವಲಾಗುತ್ತದೆ. ಬಲಕ್ಕೆ ಸ್ಟೈ ಹೆಡ್ (488 ಮೀ.), ಅಲ್ಲಿಂದ ಕಾರಿಡಾರ್ ದಾರಿಯಲ್ಲಿ ಸ್ಕಾಫೆಲ್ ಪೈಕ್. ಎಡಕ್ಕೆ ಗ್ರೇನ್ಸ್ ಗಿಲ್ ಹಿಡಿದು ಎಸ್ಕ್ ಹಾಸ್ (759 ಮೀ.). ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದರೆ ಸುಮಾರು 15 ಕಿ.ಮೀ., 7-8 ಗಂಟೆ. ಎಡವಟ್ಟಾಗುವ ಜಾಗ ಎರಡು. ಕಾರಿಡಾರ್ ದಾರಿಯಿಂದ ಕೆಳಗಿಳಿಯುವ ಅಡ್ಡದಾರಿ ಎಂದು ಪಿಯರ್ಸ್ ಗಿಲ್ ಕಮರಿಗೆ ಇಳಿಯುವವರು ಮಧ್ಯದಲ್ಲಿ ಸಿಕ್ಕಿಬೀಳುತ್ತಾರೆ, ಅದು ಬಂಡೆಗಳ ನಡುವಿನ ಪ್ರಪಾತ. ಇನ್ನೊಂದು, ಮಂಜಿನಲ್ಲಿ ಶಿಖರದಿಂದ ಪಶ್ಚಿಮಕ್ಕೆ ಇಳಿದು ವಾಸ್ಡೇಲ್ ತಲುಪುವುದು. ಅಲ್ಲಿಂದ ಸೀತ್‌ವೇಟ್‌ಗೆ ರಸ್ತೆಯಲ್ಲಿ ಸುತ್ತಿ ಬರಲು ಒಂದೂವರೆ ಗಂಟೆ ಬೇಕು.

ನಕಾಶೆಮನೆ

ಎಲ್ಲವನ್ನೂ ಕರಡಿಗೆ ಸೇರಿಸುತ್ತಿದ್ದೇನೆ. ಜಿಲ್ಲೆಯ ಹೆಸರು ಏನು ಹಾಕಲಿ? ಕಂಬರ್‌ಲೆಂಡ್ ಎಂದೂ ಇದೆ, ಕಂಬ್ರಿಯಾ ಎಂದೂ ಇದೆ, ಆಲರ್‌ಡೇಲ್ ಎಂದೂ ಇದೆ.

ದಫ್ತರ

ಮೂರೂ ಬೇರೆ ಬೇರೆ ಕಾಲದವು. 1974ರವರೆಗೆ ಕಂಬರ್‌ಲೆಂಡ್ ಕೌಂಟಿ. ಆ ವರ್ಷದಿಂದ ಕಂಬ್ರಿಯಾ ಕೌಂಟಿ, ಅದರೊಳಗೆ ಆಲರ್‌ಡೇಲ್ ಜಿಲ್ಲೆ. 2023ರ ಏಪ್ರಿಲ್‌ನಲ್ಲಿ ಆಲರ್‌ಡೇಲ್ ರದ್ದಾಗಿ ಕಂಬರ್‌ಲೆಂಡ್ ಎಂಬ ಹೊಸ ಆಡಳಿತ ಘಟಕ ಬಂತು. ಕಂಬ್ರಿಯಾ ಹೆಸರು ವಿಧ್ಯುಕ್ತ ಕೌಂಟಿಯಾಗಿ ಉಳಿದಿದೆ. ಮಾಹಿತಿ ಚೌಕದಲ್ಲಿ ಕೌಂಟಿಗೆ ಕಂಬ್ರಿಯಾ, ಸ್ಥಳೀಯ ಆಡಳಿತಕ್ಕೆ ಕಂಬರ್‌ಲೆಂಡ್ ಹಾಕಿ. ನಕಾಶೆಯ ಚೌಕುಳಿ ಸಂಖ್ಯೆ ಎನ್‌ವೈ 235 122. ಎಸ್‌ಡಿ ಎಂದು ಶುರುವಾಗುವ ಸಂಖ್ಯೆ ಕಂಡರೆ ಅದು ಡಡನ್ ಕಣಿವೆಯ ಸೀತ್‌ವೇಟ್, ಅಳಿಸಿಬಿಡಿ.